ಬಿದಿರ ಗಳದ ಮೇಲೆ ಇಬ್ಬರು

*ಇಂದಿನ ಧಮ್ಮ ಚಿಂತನೆ*





ಇಂದಿನ ಓದಿಗೆ ತೆಗೆದುಕೊಂಡಿರುವುದು ಸಂಯುತ್ತ ನಿಕಾಯದ ಒಂದು ಚಿಕ್ಕ ಸುತ್ತ. ಹೆಸರು ಸೇದಕ ಸುತ್ತ. ಸತಿಪಟ್ಠಾನ ಸಂಯುತ್ತದಲ್ಲಿ ಅದು 19ನೆಯದು. ಓದಿದರೆ ಒಂದೇ ಪುಟ, ಬದುಕಿದರೆ ಇಡೀ ಜೀವನ ಬೇಕು. ಸುತ್ತಕ್ಕೆ ಹೋಗುವ ಮುನ್ನ ನಮ್ಮ ಮನೆಯ ಮಕ್ಕಳ ಕೈಯಲ್ಲಿರುವ ಒಂದು ಬಗೆಯ ಮೊಬೈಲ್ ಆಟವನ್ನು ಸ್ವಲ್ಪ ನೋಡೋಣ. ಆಟಕ್ಕೂ ಧಮ್ಮಕ್ಕೂ ಏನು ಸಂಬಂಧ ಎಂದು ಹಿರಿಯರು ಕೇಳಬಹುದು. ಈ ಸುತ್ತದಲ್ಲಿ ಬುದ್ಧರು ಹೇಳಿರುವುದೇ ಒಂದು ಆಟದವರ ಕಥೆ. ಹಾಗಾಗಿ ಸಂಬಂಧವನ್ನು ನಾವು ಎಳೆದು ತರುತ್ತಿಲ್ಲ, ಅದು ಅಲ್ಲೇ ಇದೆ.

*1. ಲಾಗ ಹಾಕುವ ಆಟ*

ಬ್ಯಾಕ್‌ಫ್ಲಿಪ್ ಮ್ಯಾಡ್‌ನೆಸ್, ಫ್ಲಿಪ್ ಮಾಸ್ಟರ್, ಫ್ಲಿಪ್ ಡೈವಿಂಗ್ ಮುಂತಾದ ಆಟಗಳನ್ನು ಮಕ್ಕಳು ಆಡುವುದನ್ನು ನೋಡಿರುತ್ತೀರಿ. ಪರದೆಯ ಮೇಲೆ ಒಬ್ಬ ಆಳು ಎತ್ತರದಲ್ಲಿ ನಿಂತಿರುತ್ತಾನೆ. ಅವನು ಗಾಳಿಯಲ್ಲಿ ಲಾಗ ಹಾಕಿ ಸರಿಯಾಗಿ ಇಳಿಯಬೇಕು. ಕೆಲಸವೆಲ್ಲ ಒಂದು ಬೆರಳಿನದು. ಯಾವಾಗ ಹಾರಬೇಕು, ಯಾವಾಗ ಮೈ ಮುದುಡಬೇಕು, ಯಾವಾಗ ಬಿಚ್ಚಬೇಕು, ಇಷ್ಟೇ.

ಕೇಳಲು ಸುಲಭ. ಆಡಲು ಕೂತರೆ ತಿಪ್ಪರಲಾಗ ಹಾಕಿದರೂ ಒಂದು ಹಂತ ದಾಟುವುದಿಲ್ಲ. ಕಣ್ಣು ಮಿಟುಕಿಸುವಷ್ಟು ಬೇಗ ಮೈ ಬಿಚ್ಚಿದರೂ ಆಳು ಬೀಳುತ್ತಾನೆ, ಅಷ್ಟೇ ತಡವಾದರೂ ಬೀಳುತ್ತಾನೆ. ಬಿದ್ದಾಗ ಚಿಂದಿ ಬಟ್ಟೆಯ ಗೊಂಬೆಯಂತೆ ಮುದ್ದೆಯಾಗುತ್ತಾನೆ. ಮಗು ನಗುತ್ತದೆ, ಮತ್ತೆ ಒತ್ತುತ್ತದೆ.

ಇದರ ಹಿಂದಿನ ವಿಜ್ಞಾನ ನಿಜವಾದದ್ದು. ಕಾಲು ನೆಲವನ್ನು ಬಿಟ್ಟ ಮೇಲೆ ಗಾಳಿಯಲ್ಲಿ ದೇಹಕ್ಕೆ ಹೊಸದಾಗಿ ಸುತ್ತುವ ಬಲ ಎಲ್ಲಿಂದಲೂ ಸಿಗುವುದಿಲ್ಲ. ನೆಲವನ್ನು ಒದ್ದಾಗ ಪಡೆದದ್ದಷ್ಟೇ ಬಂಡವಾಳ. ಆದರೆ ಆ ಬಂಡವಾಳವನ್ನು ಹೇಗೆ ಖರ್ಚು ಮಾಡಬೇಕು ಎಂಬುದು ಇನ್ನೂ ಅವನ ಕೈಯಲ್ಲಿದೆ. ಮಂಡಿಯನ್ನು ಎದೆಗೆ ಒತ್ತಿ ಮುದುಡಿದರೆ ವೇಗವಾಗಿ ಸುತ್ತುತ್ತಾನೆ, ಕೈಕಾಲು ಚಾಚಿದರೆ ನಿಧಾನವಾಗುತ್ತಾನೆ. ಭೌತಶಾಸ್ತ್ರದವರು ಇದನ್ನು ಕೋನೀಯ ಸಂವೇಗದ ಸಂರಕ್ಷಣೆ ಎನ್ನುತ್ತಾರೆ.

*2. ಬಿದ್ದದ್ದಕ್ಕೆ ಕಾರಣ ಇದೆ*

ಈ ಆಟದಲ್ಲಿ ಐವತ್ತು ಸಲ ಬಿದ್ದ ಮಗು ಒಮ್ಮೆಯೂ "ನನ್ನ ಹಣೆಯಲ್ಲಿ ಲಾಗ ಬರೆದಿಲ್ಲ" ಎನ್ನುವುದಿಲ್ಲ. "ಸ್ವಲ್ಪ ಬೇಗ ಬಿಟ್ಟೆ" ಎನ್ನುತ್ತದೆ. ಬೀಳುವಿಕೆಗೆ ಕಾರಣ ಇದೆ, ಕಾರಣವನ್ನು ತಿದ್ದಿದರೆ ಫಲ ತಿದ್ದುತ್ತದೆ ಎಂದು ಅದಕ್ಕೆ ಗೊತ್ತು. ಇದು ಪಟಿಚ್ಚಸಮುಪ್ಪಾದದ ಅ ಆ ಇ ಈ.

ಅದೇ ಮಗು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಫೇಲಾದರೆ ಮನೆಯಲ್ಲಿ ಯಾರೋ ಒಬ್ಬರು "ನಮ್ಮಂಥವರ ಹಣೆಬರಹವೇ ಇಷ್ಟು" ಎಂದುಬಿಡುತ್ತಾರೆ. ದೀಕ್ಷೆ ಪಡೆದ ಮನೆಯಲ್ಲೂ ಈ ಮಾತು ಬರುತ್ತದೆ, ಏಕೆಂದರೆ ಅದು ನಾಲಿಗೆಯಲ್ಲಿ ಉಳಿದ ಹಳೆಯ ರುಚಿ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಕಮ್ಮದ ಬಗ್ಗೆ ಇಷ್ಟು ವಿವರವಾಗಿ ಬರೆದದ್ದು ಇದಕ್ಕೇ. ಹಿಂದಿನ ಜನ್ಮದ ಕರ್ಮದಿಂದ ಇಂದಿನ ಬಡತನ ಎಂಬ ಮಾತನ್ನು ಅವರು ಒಪ್ಪಲಿಲ್ಲ. ಒಪ್ಪಿದರೆ ಬಡತನ ಹುಟ್ಟಿಸಿದವರು ತಪ್ಪಿಸಿಕೊಳ್ಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಾರಣ ಹುಡುಕು ಎಂದರೆ ತಪ್ಪೆಲ್ಲ ನಿನ್ನದೇ ಎಂದು ಅರ್ಥವಲ್ಲ. ಆಟದೊಳಗೆ ಎಲ್ಲರಿಗೂ ಒಂದೇ ಕಟ್ಟೆ. ಹೊರಗೆ ಹಾಗಿಲ್ಲ. ಒಬ್ಬ ಗಟ್ಟಿ ಕಟ್ಟೆಯಿಂದ ಹಾರುತ್ತಾನೆ, ಇನ್ನೊಬ್ಬ ಬಿರುಕು ಬಿಟ್ಟ ಕಟ್ಟೆಯಿಂದ. ಕಟ್ಟೆಯ ಬಿರುಕು ಕೂಡ ಒಂದು ಕಾರಣವೇ. ಅದನ್ನು ತೋರಿಸುವುದು, ರಿಪೇರಿ ಮಾಡಿಸುವುದು ನಮ್ಮ ಹೋರಾಟ. ಹಾರಿದ ಮೇಲೆ ಮೈಯನ್ನು ಎಚ್ಚರದಿಂದ ನಡೆಸುವುದು ನಮ್ಮ ಸಾಧನೆ. ಎರಡೂ ಬೇಕು. ಈ ಎರಡರ ನಡುವೆ ಇರುವ ತೊಡಕನ್ನೇ ಸೇದಕ ಸುತ್ತ ಬಿಡಿಸುತ್ತದೆ.

*3. ಸುತ್ತದ ಕಥೆ*

ಬುದ್ಧರ ಕಾಲದಲ್ಲೂ ಲಾಗದ ಆಟ ಇತ್ತು. ದೀಘ ನಿಕಾಯದ ಮೊದಲ ಸುತ್ತವಾದ ಬ್ರಹ್ಮಜಾಲದಲ್ಲಿ ಭಿಕ್ಖುಗಳು ಕಾಲ ಕಳೆಯಬಾರದ ಆಟಗಳ ಒಂದು ಪಟ್ಟಿ ಇದೆ. ಅದರಲ್ಲಿ 'ಮೋಕ್ಖಚಿಕ' ಎಂಬುದೂ ಒಂದು. ಅಟ್ಠಕಥೆಯ ಪ್ರಕಾರ ಅದು ತಲೆಯನ್ನು ನೆಲಕ್ಕೆ ಊರಿ ಅಥವಾ ಕೋಲು ಹಿಡಿದು ಮೇಲೆ ಕೆಳಗೆ ಉರುಳುವ ಆಟ. ಭಿಕ್ಖುಗಳಿಗೆ ಅದು ಬೇಡವೆಂದರು. ಆದರೆ ಆಟದವರಿಂದ ಕಲಿಯುವುದು ಬೇಡ ಎನ್ನಲಿಲ್ಲ.

ಸುಂಭ ಜನಪದದ ಸೇದಕ ಎಂಬ ಊರಿನಲ್ಲಿ ತಂಗಿದ್ದಾಗ ಬುದ್ಧರು ಭಿಕ್ಖುಗಳನ್ನು ಕರೆದು ಈ ಕಥೆ ಹೇಳುತ್ತಾರೆ. ಹಿಂದೆ ಒಬ್ಬ ಬಿದಿರ ಗಳದ ಆಟಗಾರನಿದ್ದ. ಅವನಿಗೆ ಮೇದಕಥಾಲಿಕಾ ಎಂಬ ಶಿಷ್ಯ. ಗುರು ಗಳವನ್ನು ನೆಟ್ಟು, ಶಿಷ್ಯನಿಗೆ ಗಳ ಹತ್ತಿ ತನ್ನ ಹೆಗಲ ಮೇಲೆ ನಿಲ್ಲು ಎಂದ. ಶಿಷ್ಯ ನಿಂತ. ಆಗ ಗುರು ಒಂದು ಒಪ್ಪಂದದ ಮಾತಾಡಿದ. ನೀನು ನನ್ನನ್ನು ನೋಡಿಕೋ, ನಾನು ನಿನ್ನನ್ನು ನೋಡಿಕೊಳ್ಳುತ್ತೇನೆ, ಹೀಗೆ ಒಬ್ಬರನ್ನೊಬ್ಬರು ಕಾಯುತ್ತಾ ಆಟ ತೋರಿಸಿ ದುಡ್ಡು ಪಡೆದು ಸುಖವಾಗಿ ಇಳಿಯೋಣ ಎಂಬುದು ಅವನ ಮಾತಿನ ಸಾರ.

ಶಿಷ್ಯ ಒಪ್ಪಲಿಲ್ಲ. ಅದು ಹಾಗಲ್ಲ ಗುರುಗಳೇ ಎಂದ. ನಿಮ್ಮನ್ನು ನೀವು ಕಾದುಕೊಳ್ಳಿ, ನನ್ನನ್ನು ನಾನು ಕಾದುಕೊಳ್ಳುತ್ತೇನೆ, ಹಾಗೆ ಮಾಡಿದರೇ ಆಟವನ್ನೂ ತೋರಿಸಿ, ದುಡ್ಡನ್ನೂ ಪಡೆದು, ಕ್ಷೇಮವಾಗಿ ಇಳಿದೇವು ಎಂಬುದು ಅವನ ಉತ್ತರ.

ಬುದ್ಧರು ಶಿಷ್ಯ ಹೇಳಿದ್ದೇ ಸರಿಯಾದ ವಿಧಾನ ಎಂದರು. ಗುರುವಿನ ವಯಸ್ಸು, ಅನುಭವ, ಸ್ಥಾನ ಯಾವುದನ್ನೂ ಅವರು ತಕ್ಕಡಿಗೆ ಹಾಕಲಿಲ್ಲ. ಮಾತು ಸರಿಯೇ ಎಂದಷ್ಟೇ ನೋಡಿದರು.

*4. ಶಿಷ್ಯನ ಮಾತು ಏಕೆ ಸರಿ?*

ಮೊದಲು ದೇಹದ ಲೆಕ್ಕದಲ್ಲಿ ನೋಡಿ. ಹೆಗಲ ಮೇಲೆ ಒಬ್ಬ ನಿಂತಾಗ ಇಬ್ಬರ ಭಾರವೂ ಕೆಳಗಿನವನ ಪಾದದ ನೇರಕ್ಕೆ ಬರಬೇಕು. ಮೇಲಿನವನು ಕೆಳಗಿನವನ ಅಲುಗಾಟವನ್ನು ತಾನು ತಿದ್ದಲು ಹೋದರೆ, ಕೆಳಗಿನವನೂ ಅದೇ ಕ್ಷಣ ತಿದ್ದಿರುತ್ತಾನೆ. ಒಂದು ತಪ್ಪಿಗೆ ಎರಡು ತಿದ್ದುಪಡಿ, ಇಬ್ಬರೂ ನೆಲಕ್ಕೆ. ಇಂದಿಗೂ ಜೋಡಿ ಕಸರತ್ತು ಕಲಿಸುವವರು ಮೇಲಿನವರಿಗೆ ಹೇಳುವುದು, ನೀನು ಮೈ ಬಿಗಿಹಿಡಿದು ನೆಟ್ಟಗೆ ನಿಲ್ಲು, ಸಮತೋಲ ಕೆಳಗಿನವರು ನೋಡಿಕೊಳ್ಳಲಿ ಎಂದು. ತನ್ನ ಮೈಯನ್ನು ತಾನು ಹಿಡಿದಿಟ್ಟುಕೊಳ್ಳುವುದೇ ಅಲ್ಲಿ ಇನ್ನೊಬ್ಬರಿಗೆ ಮಾಡುವ ಅತಿ ದೊಡ್ಡ ಸಹಾಯ.

ಈಗ ಬದುಕಿನ ಲೆಕ್ಕ. ಗುರುವಿನ ಒಪ್ಪಂದ ಕೇಳಲು ಬಹಳ ಪ್ರೀತಿಯ ಮಾತು. ಆದರೆ ಈ ಮಾತನ್ನು ನಾವು ಎಲ್ಲೋ ಕೇಳಿದ್ದೇವಲ್ಲವೇ? ಚುನಾವಣೆಗೆ ಮುಂಚೆ ಕೇರಿಗೆ ಬರುವವರು ಇದನ್ನೇ ಹೇಳುತ್ತಾರೆ. ನೀವು ನನ್ನನ್ನು ನೋಡಿಕೊಳ್ಳಿ, ನಾನು ನಿಮ್ಮನ್ನು ನೋಡಿಕೊಳ್ಳುತ್ತೇನೆ. ಈ ಒಪ್ಪಂದದಲ್ಲಿ ಇಬ್ಬರ ಕಣ್ಣೂ ಇನ್ನೊಬ್ಬರ ಕಾಲ ಮೇಲಿರುತ್ತದೆ. ತನ್ನ ಕಾಲು ಎಲ್ಲಿದೆ ಎಂದು ಯಾರೂ ನೋಡುವುದಿಲ್ಲ. ಬಿದ್ದ ಮೇಲೆ ನೀನು ನೋಡಿಕೊಳ್ಳಲಿಲ್ಲ ಎಂದು ಇಬ್ಬರೂ ಜಗಳವಾಡುತ್ತಾರೆ. ನಮ್ಮ ಎಷ್ಟು ಸಂಘಟನೆಗಳು ಒಡೆದದ್ದು ಹೀಗೆ, ನೀವೇ ಎಣಿಸಿ.

*5. ಬುದ್ಧರು ಸೇರಿಸಿದ ಇನ್ನೊಂದು ಅರ್ಧ*

ಸುತ್ತ ಇಲ್ಲಿಗೇ ಮುಗಿದಿದ್ದರೆ ಅದು ಅವರವರ ಪಾಡು ಅವರವರು ನೋಡಿಕೊಳ್ಳಿ ಎಂಬ ಉಪದೇಶವಾಗುತ್ತಿತ್ತು. ಮುಗಿಯುವುದಿಲ್ಲ. ತನ್ನನ್ನು ಕಾದುಕೊಳ್ಳುತ್ತೇನೆ ಎಂದೂ ಸತಿಪಟ್ಠಾನವನ್ನು ಅಭ್ಯಾಸ ಮಾಡಬೇಕು, ಇತರರನ್ನು ಕಾಯುತ್ತೇನೆ ಎಂದೂ ಮಾಡಬೇಕು ಎನ್ನುತ್ತಾರೆ ಬುದ್ಧರು. ತನ್ನನ್ನು ಕಾದುಕೊಂಡವನು ಇತರರನ್ನು ಕಾಯುತ್ತಾನೆ, ಇತರರನ್ನು ಕಾಯುವವನು ತನ್ನನ್ನು ಕಾದುಕೊಳ್ಳುತ್ತಾನೆ ಎಂಬುದು ಅವರ ನಿಲುವು. ಇದು ಹೇಗೆ ಎಂಬುದನ್ನೂ ಅವರೇ ಬಿಡಿಸಿದ್ದಾರೆ.

ತನ್ನನ್ನು ಕಾದುಕೊಂಡು ಇತರರನ್ನು ಕಾಯುವುದು ಅಭ್ಯಾಸದಿಂದ. ಪಾಲಿಯಲ್ಲಿ ಆಸೇವನ, ಭಾವನಾ, ಬಹುಲೀಕಮ್ಮ. ಅಂದರೆ ತೊಡಗುವುದು, ಬೆಳೆಸುವುದು, ಮತ್ತೆ ಮತ್ತೆ ಮಾಡುವುದು.

ಇತರರನ್ನು ಕಾದು ತನ್ನನ್ನು ಕಾದುಕೊಳ್ಳುವುದು ನಾಲ್ಕು ಗುಣಗಳಿಂದ. ಖಂತಿ (ತಾಳ್ಮೆ), ಅವಿಹಿಂಸೆ (ನೋಯಿಸದಿರುವುದು), ಮೆತ್ತಚಿತ್ತತಾ (ಮೈತ್ರಿಯ ಮನಸ್ಸು), ಅನುದ್ದಯತಾ (ಮರುಕ).

ಮೊಬೈಲ್ ಆಟ ಕಲಿಸುವುದು ಮೊದಲ ಅರ್ಧವನ್ನು ಮಾತ್ರ. ಬಿದ್ದು ಎದ್ದು ಮತ್ತೆ ಮಾಡುವ ಬಹುಲೀಕಮ್ಮ ಅದರಲ್ಲಿ ಚೆನ್ನಾಗಿಯೇ ಇದೆ. ಎರಡನೆಯ ಅರ್ಧ ಅದರಲ್ಲಿ ಇರಲು ಸಾಧ್ಯವಿಲ್ಲ. ಏಕೆಂದರೆ ಪರದೆಯ ಮೇಲಿರುವುದು ಒಬ್ಬನೇ. ಅವನು ಬಿದ್ದರೆ ಯಾರ ಹೆಗಲೂ ಮುರಿಯುವುದಿಲ್ಲ, ಯಾರ ಮನೆಯ ಒಲೆಯೂ ಆರುವುದಿಲ್ಲ.

*6. ಬಾಬಾಸಾಹೇಬರ ಮಾತು ಇಲ್ಲಿ ಕೂಡುತ್ತದೆ*

ಧರ್ಮ ವೈಯಕ್ತಿಕ, ಧಮ್ಮ ಸಾಮಾಜಿಕ ಎಂದು ಬಾಬಾಸಾಹೇಬರು ವಿವರಿಸಿದ್ದು ನಮಗೆಲ್ಲ ಗೊತ್ತಿದೆ. ಒಬ್ಬನೇ ಇರುವವನಿಗೆ ಧಮ್ಮದ ಅಗತ್ಯವಿಲ್ಲ, ಇಬ್ಬರು ಸಂಬಂಧದಲ್ಲಿ ಬದುಕುವಾಗ ಬೇಡವೆಂದರೂ ಅದು ಬೇಕಾಗುತ್ತದೆ ಎಂಬುದು ಅವರ ವಾದದ ತಿರುಳು. 1956ರ ಡಿಸೆಂಬರ್ 6ರಂದು ಅವರು ತೀರಿಕೊಂಡರು. ಈ ಗ್ರಂಥ ಅಚ್ಚಾಗಿ ಹೊರಬಂದದ್ದು 1957ರಲ್ಲಿ. ಅವರು ನಮಗೆ ಬಿಟ್ಟುಹೋದ ಕೊನೆಯ ಪಾಠಗಳಲ್ಲಿ ಇದು ಒಂದು.

ಪರದೆಯ ಮೇಲಿನ ಆಳು ಒಬ್ಬನೇ. ಅವನಿಗೆ ಕೌಶಲ ಸಾಕು. ಬಿದಿರ ಗಳದ ಮೇಲೆ ಇಬ್ಬರು. ಅಲ್ಲಿ ಧಮ್ಮ ಶುರುವಾಗುತ್ತದೆ.

22 ಪ್ರತಿಜ್ಞೆಗಳನ್ನು ಈ ಕಣ್ಣಿನಿಂದ ಇನ್ನೊಮ್ಮೆ ಓದಿ. ಅಷ್ಟಾಂಗ ಮಾರ್ಗದಲ್ಲಿ ನಡೆಯುವ ಪ್ರತಿಜ್ಞೆ ಇದೆ, ಅದು ತನ್ನನ್ನು ಕಾದುಕೊಳ್ಳುವ ದಾರಿ. ಎಲ್ಲ ಜೀವಿಗಳ ಮೇಲೆ ಕರುಣೆಯಿಡುವ ಪ್ರತಿಜ್ಞೆಯೂ ಇದೆ, ಅದು ಇತರರನ್ನು ಕಾಯುವ ದಾರಿ. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರಿಗೆ ಕೊಟ್ಟದ್ದು ಎರಡನ್ನೂ ಒಟ್ಟಿಗೆ.

*7. ನಮ್ಮ ಕಾಲದ ಒಂದು ಉದಾಹರಣೆ*

ಅಮೆರಿಕದ ಕಪ್ಪು ಸಮುದಾಯದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅವರ ಹೆಸರು ಕೇಳಿರುತ್ತೀರಿ. ಮೊಬೈಲಿನ ಆಳು ಮಾಡುವ ಲಾಗಗಳನ್ನು ಅವರು ನಿಜವಾದ ಮೂಳೆ ಮಾಂಸದಿಂದ ಮಾಡುತ್ತಾರೆ. ಕೊರೊನಾದಿಂದ ಒಂದು ವರ್ಷ ಮುಂದೆ ಹೋಗಿದ್ದ ಟೋಕಿಯೋ ಒಲಿಂಪಿಕ್ಸ್‌ನ ತಂಡ ಸ್ಪರ್ಧೆ ನಡೆದದ್ದು 2021ರ ಜುಲೈ 27ರಂದು. ವಾಲ್ಟ್‌ನಲ್ಲಿ ಗಾಳಿಯಲ್ಲಿ ಎರಡೂವರೆ ತಿರುವು ಹಾಕಬೇಕಿದ್ದ ಅವರು ಒಂದೂವರೆ ಮಾತ್ರ ಹಾಕಿ ಇಳಿದರು. ಗಾಳಿಯಲ್ಲಿ ತಾನು ಎಲ್ಲಿದ್ದೇನೆ ಎಂಬ ಅರಿವೇ ತಪ್ಪಿಹೋಗುವ ಸ್ಥಿತಿ ಅದು. ಜಿಮ್ನಾಸ್ಟ್‌ಗಳು ಅದನ್ನು ಟ್ವಿಸ್ಟೀಸ್ ಎನ್ನುತ್ತಾರೆ. ಆ ಸ್ಥಿತಿಯಲ್ಲಿ ಮುಂದುವರಿದರೆ ಕತ್ತು ಮುರಿಯಬಹುದು.

ಅವರು ಸ್ಪರ್ಧೆಯಿಂದ ಹಿಂದೆ ಸರಿದರು. ದೇಶಕ್ಕೆ ಕೈಕೊಟ್ಟಳು, ಸ್ವಾರ್ಥಿ ಎಂದು ಬೈದವರು ಬಹಳ. ಆದರೆ ಅವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ. ಅಂಗಳದಲ್ಲೇ ಇದ್ದು ಉಳಿದ ಮೂವರನ್ನು ಹುರಿದುಂಬಿಸಿದರು. ತಂಡಕ್ಕೆ ಬೆಳ್ಳಿ ಬಂತು. ಎರಡು ದಿನಗಳ ನಂತರ ಅದೇ ತಂಡದ ಸುನಿಸಾ ಲೀ ವೈಯಕ್ತಿಕ ಸಮಗ್ರ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. ಬೈಲ್ಸ್ ಕೊನೆಯಲ್ಲಿ ಬೀಮ್ ಮೇಲೆ ಕಂಚು ಪಡೆದರು. ಮೂರು ವರ್ಷ ಕಳೆದು, 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ.

ಮೇದಕಥಾಲಿಕಾ ಹೇಳಿದ್ದೂ ಇದನ್ನೇ ಅಲ್ಲವೇ? ತನ್ನ ಕಾಲು ತಪ್ಪಿದೆ ಎಂದು ತಾನೇ ಅರಿತು ನಿಂತದ್ದು ಆತ್ಮರಕ್ಷಣೆ. ನಿಂತ ಮೇಲೂ ಜೊತೆಯವರನ್ನು ಬಿಡದೆ ಇದ್ದದ್ದು ಪರರಕ್ಷಣೆ. ಸ್ವಾರ್ಥಕ್ಕೂ ಆತ್ಮರಕ್ಷಣೆಗೂ ಇರುವ ಗೆರೆ ಇಲ್ಲಿ ಕಾಣುತ್ತದೆ. ಸ್ವಾರ್ಥಿ ಗಳದಿಂದ ಇಳಿದು ಮನೆಗೆ ಹೋಗುತ್ತಾನೆ. ಎಚ್ಚರವುಳ್ಳವನು ಇಳಿದು ಗಳವನ್ನು ಹಿಡಿದುಕೊಳ್ಳುತ್ತಾನೆ.

*8. ನಮ್ಮ ಕೇರಿ, ನಮ್ಮ ಮನೆ*

ಒಬ್ಬ ಯುವಕ. ಏಪ್ರಿಲ್ ಬಂದರೆ ಜಯಂತಿಯ ಬ್ಯಾನರ್, ಚಂದಾ, ಪೆಂಡಾಲ್ ಎಂದು ಹಗಲಿರುಳು ಓಡಾಡುತ್ತಾನೆ. ಅದೇ ದಿನಗಳಲ್ಲಿ ಪದವಿ ಪರೀಕ್ಷೆ. ಓದಲು ಕೂತರೆ "ಸಮಾಜಕ್ಕಿಂತ ನಿನಗೆ ಓದು ಹೆಚ್ಚಾಯಿತೇ?" ಎಂದು ಜೊತೆಯವರು ಹಂಗಿಸುತ್ತಾರೆ. ಅವನು ಫೇಲಾದರೆ ಸಮಾಜಕ್ಕೆ ಆದ ಲಾಭವೇನು?

ಒಬ್ಬ ಅಧಿಕಾರಿ. ಓದಿ, ಹುದ್ದೆ ಹಿಡಿದು, ಊರು ಬಿಟ್ಟು, ಈಗ ಕೇರಿಯವರ ಫೋನ್ ಎತ್ತುವುದಿಲ್ಲ. ತಾನು ನಿಂತಿರುವುದು ಯಾರ ಹೆಗಲ ಮೇಲೆ ಎಂಬುದನ್ನು ಮರೆತ. ವಿದ್ಯಾವಂತರ ಬಗ್ಗೆ ಬಾಬಾಸಾಹೇಬರಿಗೆ ಕೊನೆಗಾಲದಲ್ಲಿ ಇದ್ದ ನೋವು ಇದೇ.

ಒಬ್ಬ ತಾಯಿ. ಗಂಡನ ಊಟ, ಮಕ್ಕಳ ಫೀಸು, ಅತ್ತೆಯ ಔಷಧಿ ಎಲ್ಲ ಅವರ ತಲೆಯಲ್ಲಿ. ತಮ್ಮ ಬಿಪಿ ಮಾತ್ರೆ ಮುಗಿದು ವಾರವಾದರೂ "ನನಗೇನಾಗಲ್ಲ ಬಿಡು" ಎನ್ನುತ್ತಾರೆ. ಕೆಳಗೆ ನಿಂತು ಮನೆಯನ್ನೆಲ್ಲ ಹೊತ್ತವರು ಅವರು. ಅವರು ಕುಸಿದರೆ ಮೇಲಿರುವವರೆಲ್ಲ ಬೀಳುತ್ತಾರೆ. ಆ ಮಾತ್ರೆ ತಂದುಕೊಡುವುದು ಉಳಿದವರ ಧಮ್ಮ, ನುಂಗುವುದು ಅವರ ಧಮ್ಮ.

ಒಬ್ಬ ಭಾಷಣಕಾರ. ವೇದಿಕೆಯಲ್ಲಿ ಪಂಚಶೀಲ, ರಾತ್ರಿ ಬಾಟಲಿ. ಅವನು ಇತರರನ್ನು ಕಾಯಲು ಹೊರಟಿದ್ದಾನೆ, ತನ್ನ ಕಾಲು ಜಾರಿರುವುದು ಊರಿಗೆಲ್ಲ ಕಂಡರೂ ಅವನಿಗೆ ಕಂಡಿಲ್ಲ.

ನಾಲ್ವರಲ್ಲಿ ಯಾರೂ ಕೆಟ್ಟವರೆಂದು ಹುಟ್ಟಿದವರಲ್ಲ. ಅಧಿಕಾರಿ ಸುತ್ತದ ಮೊದಲ ಅರ್ಧವನ್ನು ಮಾತ್ರ ಹಿಡಿದ. ಉಳಿದ ಮೂವರು ಎರಡನೆಯ ಅರ್ಧಕ್ಕೆ ಕೈಚಾಚಿ ಮೊದಲನೆಯದನ್ನು ಬಿಟ್ಟರು.

*9. ಒಂದು ಪದದ ಬಗ್ಗೆ*

ಸುತ್ತದಲ್ಲಿ ಆ ಆಟಗಾರನಿಗೆ ಬಳಸಿರುವ ಪಾಲಿ ಪದ 'ಚಂಡಾಲವಂಸಿಕ'. ವಂಸ ಎಂದರೆ ಬಿದಿರು. ಮೊದಲ ಭಾಗ ಯಾವುದೆಂದು ನಮಗೆ ಹೇಳಿಕೊಡಬೇಕಿಲ್ಲ. ಇಂಗ್ಲಿಷ್ ಅನುವಾದಗಳಲ್ಲಿ ಅದು ಬರೀ ಕಸರತ್ತಿನವನು ಎಂದಾಗಿ, ಚಂಡಾಲ ಎಂಬುದು ಕಣ್ಮರೆಯಾಗುತ್ತದೆ. ನಾವು ಮರೆಯಬಾರದು. ಊರ ಹೊರಗಿನವರ ಹೆಸರು ಹೊತ್ತ ಆಟದ ಬಿದಿರಿನಿಂದ ಬುದ್ಧರು ತಮ್ಮ ಸಂಘಕ್ಕೆ ಸತಿಯ ಪಾಠ ಹೇಳಿದರು.

ನಮ್ಮ ನಾಡಿನಲ್ಲಿ ಹಗ್ಗದ ಮೇಲೆ ನಡೆದು, ಗಳದ ಮೇಲೆ ನಿಂತು ಹೊಟ್ಟೆ ಹೊರೆದವರು ಡೊಂಬರು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅವರೂ ಇದ್ದಾರೆ. ರಾಜಕಾರಣಿಗಳ ನಾಟಕ ಕಂಡಾಗ "ಇದೆಂಥ ದೊಂಬರಾಟ" ಎಂದು ಪತ್ರಿಕೆಗಳು ಬರೆಯುತ್ತವೆ, ನಮ್ಮವರೂ ಆಡುತ್ತಾರೆ. ಹಗ್ಗದ ಮೇಲಿನ ಹೆಜ್ಜೆಯಲ್ಲಿ ಮೋಸಕ್ಕೆ ಜಾಗವಿಲ್ಲ. ಅಷ್ಟು ಪ್ರಾಮಾಣಿಕ ಕೆಲಸದ ಹೆಸರನ್ನು ಮೋಸಕ್ಕೆ ಇಡುವುದು ಯಾವ ನ್ಯಾಯ? ನಮ್ಮ ಜಾತಿಯ ಹೆಸರನ್ನು ಬೈಗುಳ ಮಾಡಿದಾಗ ಆಗುವ ನೋವು ನಮಗೆ ಗೊತ್ತು. ಇನ್ನೊಬ್ಬರ ಹೆಸರನ್ನು ನಾಲಿಗೆಯಿಂದ ಇಳಿಸುವುದೂ ಅವಿಹಿಂಸೆಯೇ.

*ಇಂದಿನ ಅಭ್ಯಾಸ*

1) ಬೆಳಿಗ್ಗೆ ತ್ರಿಸರಣ ಪಂಚಶೀಲದ ನಂತರ ಐದು ನಿಮಿಷ ಸುಮ್ಮನೆ ನಿಲ್ಲಿ. ಭಾರ ಯಾವ ಪಾದದ ಮೇಲಿದೆ, ಉಸಿರು ಹೇಗಿದೆ ಎಂದು ಗಮನಿಸಿ. ಸತಿಪಟ್ಠಾನದಲ್ಲಿ ಮೊದಲನೆಯದು ಕಾಯಾನುಪಸ್ಸನಾ, ದೇಹದಿಂದಲೇ ಶುರು.

2) ಇಂದು ಯಾವುದಾದರೂ ಕೆಲಸ ಕೆಟ್ಟರೆ, ಹಣೆಬರಹ ಎನ್ನುವ ಮೊದಲು ಎರಡು ಕಾರಣ ಬರೆದಿಡಿ. ನನ್ನ ಕಡೆಯದು ಒಂದು, ಕಟ್ಟೆಯ ಕಡೆಯದು ಒಂದು.

3) ಮನೆಯಲ್ಲಿ ನಿಮ್ಮನ್ನು ಹೊತ್ತು ನಿಂತವರು ಯಾರು ಎಂದು ನೆನೆದು, ಅವರಿಗೆ ಬೇಕಾದ ಒಂದು ಕೆಲಸವನ್ನು ಕೇಳದೆಯೇ ಮಾಡಿ.

4) ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಮೊದಲು ಒಂದು ಮಾತು ಕೇಳಿ: "ಈ ಸಲ ಯಾಕೆ ಬಿದ್ದ?" ಅವರು ಕಾರಣ ಹೇಳುತ್ತಾರೆ. "ಗಣಿತದಲ್ಲೂ ಹೀಗೇ ನೋಡೋಣವಾ?" ಎಂದು ಪಕ್ಕದಲ್ಲಿ ಕೂರಿ.

*ಭಾನುವಾರದ ಚರ್ಚೆಗೆ ಪ್ರಶ್ನೆ*

ನಮ್ಮ ಅಧ್ಯಯನ ಬಳಗದಲ್ಲಿ ನಾವು ಹೆಚ್ಚಾಗಿ ಮರೆಯುತ್ತಿರುವುದು ಸುತ್ತದ ಯಾವ ಅರ್ಧವನ್ನು? ಪ್ರತಿಯೊಬ್ಬರೂ ತಮ್ಮ ಬಗ್ಗೆ ಮಾತ್ರ ಹೇಳಬೇಕು, ಬೇರೆಯವರ ಬಗ್ಗೆ ಬೇಡ. ಮೇದಕಥಾಲಿಕಾನ ನಿಯಮ ಅಲ್ಲಿಂದಲೇ ಜಾರಿಗೆ ಬರಲಿ.

ಎಲ್ಲರೂ ಕ್ಷೇಮವಾಗಿ ಇಳಿಯುವಂತಾಗಲಿ.

ಭವತು ಸಬ್ಬ ಮಂಗಲಂ. ಜೈ ಭೀಮ್.